ಮಣ್ಣೂರಿನಿಂದ ಹೊರಟ ಮೂರು ಅಪಶಕುನಗಳು

ಊರವರೆಲ್ಲ ಸುಮ್ಮನೆ ಹೊರಡುತ್ತಾರೆ, ಸುಮ್ಮನೆ ತಲುಪುತ್ತಾರೆ. ನಾನು ಮಾತ್ರ ಚಪ್ಪಲಿಗೆ ಕಾಲು ತೂರಿಸಿದರೆ ಸಾಕು, ಏನಾದರೊಂದು ರಾದ್ಧಾಂತ ಎದ್ದೇ ಏಳುತ್ತದೆ. ಮದುವೆಗೆ ಹೊರಟರೂ ಅಷ್ಟೇ, ಮಣ್ಣಿಗೆ ಹೊರಟರೂ ಅಷ್ಟೇ. ಈ ಸಲ ನಾನು ಹೊರಟದ್ದು ಬದುಕುವುದಕ್ಕೆ, ಅದೂ ಎರಡು ಬೆಕ್ಕುಗಳನ್ನು ಕಟ್ಟಿಕೊಂಡು. ಅಂದಮೇಲೆ ಸಲೀಸಾಗಿ ಹೋಗಲು ಯಾರು ಬಿಡುತ್ತಾರೆ?

ನಾನು ಮಣ್ಣೂರಿನವಳು. ಭೀಮಾ ಹೊಳೆ ದಂಡೆಯ ಊರು. ಅಂಗನವಾಡಿ ಟೀಚರಾಗಿ ಅರ್ಧ ಊರಿನ ಮೂಗು ಒರೆಸಿ ನಿವೃತ್ತಳಾದೆ. ನನ್ನ ಹಿಂದೆಯೇ ನನ್ನ ಎರಡೂ ಕಿಡ್ನಿಗಳು ನಿವೃತ್ತಿ ತೆಗೆದುಕೊಂಡವು. ಕಲಬುರಗಿಯಲ್ಲಿ ಕೆಲವು ಸಲ ಡಯಾಲಿಸಿಸ್ ಆಯಿತು. ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು: "ವಾರಕ್ಕೆರಡು ಸಲ ಮಷೀನಿಗೆ ಬರಲೇಬೇಕು. ತಪ್ಪಿಸಿದರೆ ಎದೆಯಲ್ಲಿ ನೀರು ತುಂಬುತ್ತದೆ. ಆಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ." ಮಣ್ಣೂರಿನಿಂದ ವಾರಕ್ಕೆರಡು ಸಲ ಬಸ್ಸು ಹತ್ತಿಳಿದರೆ ಕಿಡ್ನಿಗಿಂತ ಮೊದಲು ಸೊಂಟ ಹೋಗುತ್ತದೆ. ಆಳಂದದಲ್ಲಿ ನನ್ನ ತಮ್ಮನ ಮನೆಯಿದೆ, ಅಲ್ಲಿಂದ ಮಷೀನು ಇರುವ ಆಸ್ಪತ್ರೆಗೆ ನಡೆದೇ ಹೋಗಬಹುದು. ಹಾಗಾಗಿ ಉಳಿದ ಆಯುಷ್ಯವನ್ನು ಆಳಂದಕ್ಕೆ ವರ್ಗ ಮಾಡುವುದೆಂದು ತೀರ್ಮಾನವಾಯಿತು. "ಮನಿಗೆ ಹೋಗಿ ಸಾಮಾನ ಕಟ್ಟಿಕೊಂಡ ಬರ್ತೇನಿ" ಎಂದು ಮಣ್ಣೂರಿಗೆ ಬಂದೆ. ಸಾಮಾನು ಬರೀ ನೆಪ. ನಾನು ಬಂದದ್ದು ಬೆಕ್ಕುಗಳಿಗಾಗಿ.

ಒಂದು ಕಪ್ಪು ಹೆಣ್ಣುಬೆಕ್ಕು, ಕರಿಯವ್ವ. ಇನ್ನೊಂದು ಅವಳ ಮಗ, ಬಿಳಿ ಹೊಟ್ಟೆಯವನು. ಕೆಲಸವಿಲ್ಲ, ಸಿಟ್ಟು ಜಾಸ್ತಿ, ಹೊತ್ತಿಗೆ ಸರಿಯಾಗಿ ಹಾಲು ಬರಬೇಕು, ಅದಕ್ಕೇ ಅಮಲ್ದಾರ ಎಂದು ಹೆಸರಿಟ್ಟಿದ್ದೆ. ನನ್ನ ಗಂಡ ಸತ್ತು ಬಹಳ ವರ್ಷವಾಯಿತು. ಗಂಡ ಸತ್ತವಳು ಎದುರಿಗೆ ಬಂದರೆ ನಮ್ಮ ಮಂದಿ ಹೊರಟ ಕೆಲಸ ನಿಲ್ಲಿಸುತ್ತಾರೆ. ಬೆಕ್ಕು ಅಡ್ಡ ಬಂದರೂ ನಿಲ್ಲಿಸುತ್ತಾರೆ. ನಾನು ಅಂಗಡಿಗೆ ಹೊರಟಾಗ, ಮೋಟರ್ ಸೈಕಲ್ಲಿಗೆ ಕೀಲಿ ಹಾಕಿದವರು ಮತ್ತೆ ಕೀಲಿ ತೆಗೆದು ಒಳಗೆ ಹೋಗುವುದನ್ನು ನೋಡಿ ನೋಡಿ ಹೊಟ್ಟೆ ಉರಿದಿದೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಮುಖವೇ ಬೇಕೆಂದು ಬಾಗಿಲಿಗೆ ಬಂದು ಒದರುವ ಜೀವ ಎಂದರೆ ಅವೆರಡೇ. ಅವನ್ನು ಬಿಟ್ಟು ಹೋಗಿ ಬದುಕಿ ಮಾಡುವುದೇನಿದೆ?

೧. ಗೋಣಿಚೀಲ

ನಮ್ಮೂರಿನ ಬೆಕ್ಕುಗಳು ಪ್ರಯಾಣ ಮಾಡುವುದು ಒಂದೇ ಕಾರಣಕ್ಕೆ. ಹಾಲಿಗೆ ಬಾಯಿ ಹಾಕುವ ಬೆಕ್ಕನ್ನು ಗೋಣಿಚೀಲಕ್ಕೆ ತುಂಬಿ, ಚೀಲದ ಬಾಯಿ ಕಟ್ಟಿ, ದಾರಿ ಮರೆಯಲಿ ಎಂದು ಗರಗರ ತಿರುಗಿಸಿ, ಹೊಳೆ ದಾಟಿಸಿ ಬಿಟ್ಟು ಬರುತ್ತಾರೆ. ಜೊತೆಗೆ ಇಟ್ಟುಕೊಳ್ಳುವುದಕ್ಕಾಗಿ ಬೆಕ್ಕು ಹೊತ್ತೊಯ್ಯುವವರನ್ನು ಮಣ್ಣೂರು ಕಂಡೇ ಇರಲಿಲ್ಲ.

ದೊಡ್ಡ ಊರುಗಳಲ್ಲಿ ಬೆಕ್ಕಿಗೆಂದೇ ಪೆಟ್ಟಿಗೆ ಸಿಗುತ್ತದಂತೆ. ನನ್ನ ಮನೆಯಲ್ಲಿ ಸಿಕ್ಕಿದ್ದು ಜೋಳದ ಚೀಲ. ರೂಢಿಯಾಗಲಿ ಎಂದು ಅಮಲ್ದಾರನನ್ನು ಅದರಲ್ಲಿ ಕೂರಿಸಿ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ಹೊತ್ತು ತಿರುಗತೊಡಗಿದೆ. ಚೀಲ ಬೊಬ್ಬೆ ಹೊಡೆಯುತ್ತಿತ್ತು, ನಾನು ಏದುಸಿರು ಬಿಡುತ್ತಿದ್ದೆ. ಓಣಿ ನೋಡಿತು, ತನಗೆ ತಿಳಿದಂತೆ ಅರ್ಥ ಮಾಡಿಕೊಂಡಿತು.

ಎದುರುಮನೆಯಾಕೆ ಬಂದಳು. "ಅಕ್ಕೋರ, ಬೆಕ್ಕ ಬಿಟ್ಟ ಬರಾಕ ಹೊಂಟೀರಂತ. ಹ್ಯಾಂಗೂ ಹೊಂಟೀರಿ, ನಮ್ಮನ್ಯಾಗೂ ಮರಿ ಅದಾವ, ಅವನ್ನೂ ಒಯ್ದು ಬಿಟ್ಟ ಬರ್ರಿ."

"ಬಿಡಾಕ ಅಲ್ಲ ಬೇ. ಕರ್ಕೊಂಡ ಹೋಗಾಕತ್ತೇನಿ. ಆಳಂದದಾಗ ನನ್ನ ಜೊತಿಗೇ ಇರ್ತಾವ."

ಅವಳು ನನ್ನ ಬಾತ ಮುಖವನ್ನು ಕನಿಕರದಿಂದ ನೋಡಿದಳು. ಪಕ್ಕದ ಮನೆಯ ಕಟ್ಟೆಗೆ ಹೋಗಿ, "ಪಾಪ, ಬ್ಯಾನಿ ತಲಿಗೂ ಏರ್ಯಾದ" ಎಂದದ್ದು ನನಗೂ ಕೇಳಿಸಿತು.

ಮರುದಿನ ಬಾಗಿಲು ತೆರೆದರೆ ಹೊಸ್ತಿಲ ಮುಂದೆ ಒಂದು ಬುಟ್ಟಿ ಮರಿಗಳು, ಕಾಲಿಗೆ ಹಗ್ಗ ಕಟ್ಟಿದ ಒಂದು ಕುಂಟ ಗಂಡುಬೆಕ್ಕು, ದಾರಿಗಿರಲಿ ಎಂದು ಯಾರೋ ಪುಣ್ಯಾತ್ಮರು ಇಟ್ಟ ಅರ್ಧ ರೊಟ್ಟಿ. ಬೈಯುತ್ತ ಬೈಯುತ್ತ ಒಂದೊಂದನ್ನೂ ಅದರದರ ಮನೆಗೆ ಮುಟ್ಟಿಸಿ ಬಂದು ಉಸ್ಸೆಂದು ಕೂತೆ. ಆಗ ಮೂಲೆಮನೆಯ ಸೊಸೆ ಬಂದಳು. ಅವಳ ಕೈಯಲ್ಲಿ ಬೆಕ್ಕು ಇರಲಿಲ್ಲ. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದಳು:

"ಅಕ್ಕೋರ, ಗಾಡ್ಯಾಗ ನಮ್ಮ ಅತ್ತಿಗೊಂದು ಜಾಗಾ ಆಗ್ತದೇನ್ರಿ?"

೨. ಮುಖ ನೋಡಲು ಬಂದವರು

ನಾನು ಮನೆ ಬಿಡುತ್ತೇನೆ ಎನ್ನುವ ಸುದ್ದಿ ಜೇವರ್ಗಿಯವರೆಗೂ ಹೋಯಿತು. ಅಲ್ಲಿ ನನ್ನ ಗಂಡನ ಕಡೆಯವರಿದ್ದಾರೆ. ಹೋಗುವಾಗ ಸುದ್ದಿ ಸ್ವಲ್ಪ ದಪ್ಪಗಾಗಿರಬೇಕು. ನಾದಿನಿ, ಮೈದುನ, ಮೈದುನನ ಹೆಂಡತಿ ಮೂವರೂ ಬಂದರು. ನಾದಿನಿ ಅಂಗಳದಿಂದಲೇ ಅಳುತ್ತ ಬಂದಳು, ಒಳಗೆ ಬಂದು ನಾನು ಕೂತು ಅವರೆಕಾಯಿ ಸುಲಿಯುತ್ತಿರುವುದನ್ನು ನೋಡಿ ಒಂದು ಗಳಿಗೆ ನಿಲ್ಲಿಸಿದಳು. ಆಮೇಲೆ, ಶುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದೆಂದು ಮತ್ತೆ ಅತ್ತಳು.

ಕಿಡ್ನಿ ಕೆಟ್ಟವರು ಬಾಳೆಹಣ್ಣು ತಿನ್ನಬಾರದು, ಎಳನೀರು ಕುಡಿಯಬಾರದು ಎಂದು ನನ್ನ ಡಾಕ್ಟರು ಒತ್ತಿ ಒತ್ತಿ ಹೇಳಿದ್ದರು. ಜೇವರ್ಗಿಯವರು ಅವೆರಡನ್ನೇ ತಂದಿದ್ದರು.

ಚಹಾ ಆಯಿತು. ಅಳು ಆಯಿತು. ಮೈದುನ ಮನೆಯನ್ನೊಮ್ಮೆ ಕಣ್ಣಿಂದ ಅಳೆದು, "ವೈನಿ, ನಮಗೇನೂ ಬ್ಯಾಡ. ಆದ್ರ ಮನ್ಯಾಗಿನ ಸಾಮಾನ ಹುಳಾ ಹತ್ತಿ ಹಾಳಾಗಬಾರ್ದಲ್ಲ" ಎಂದ. ಏನೂ ಬೇಡದವರು ಹಂಚಿಕೊಳ್ಳುವ ವೇಗ ನೋಡಬೇಕಿತ್ತು. ಬೀಸುಕಲ್ಲು ನಾದಿನಿಗೆ. ಕಪಾಟು ಮೈದುನನಿಗೆ. ಹಿತ್ತಾಳೆ ಹಂಡೆಗೆ ನಾದಿನಿಯೂ ಮೈದುನನ ಹೆಂಡತಿಯೂ ಒಂದೊಂದು ಕಿವಿ ಹಿಡಿದುಕೊಂಡು, ಅದನ್ನು ಬಿಡದೆಯೇ ನನ್ನ ಆರೋಗ್ಯ ವಿಚಾರಿಸಿದರು.

"ಈ ಬೆಕ್ಕಗೋಳ್ನ ಯಾರ ಒಯ್ತೀರಿ?" ಎಂದು ಸುಮ್ಮನೆ ಕೇಳಿದೆ. ಬಿಟ್ಟುಕೊಡುವ ಮನಸ್ಸಿರಲಿಲ್ಲ, ಬಾಯಿ ನೋಡಬೇಕಿತ್ತು.

ಮೈದುನನಿಗೆ ಉಬ್ಬಸ ಬಂತು. ಮೈದುನನ ಹೆಂಡತಿಗೆ ತವರಿನ ನಾಯಿ ನೆನಪಾಯಿತು. ನಾದಿನಿ, "ನಾ ಒಯ್ಯಾಕಿನೇ, ಆದ್ರ ಬೆಕ್ಕಿಗೆ ಊರ ಬದಲ ಮಾಡಿದ್ರ ಆಗಿ ಬರೂದಿಲ್ಲ ಬೇ. ಪಾಪ, ಸತ್ತ ಹೋಗ್ತಾವ" ಎಂದಳು. ಊರು ಬದಲಾಯಿಸುತ್ತಿದ್ದ ನಾನು ಎದುರಿಗೇ ಕೂತಿದ್ದೆ.

ಸಂಜೆ ಟಂಟಂ ಆಟೋ ತುಂಬಿಸಿಕೊಂಡು ಹೋದರು. ಹಾಸಿಗೆ ಪಾತ್ರೆಯನ್ನು ಅಳಿದುಳಿದದ್ದೆಂದು ಬಿಟ್ಟಿದ್ದರು. ಯಾರ ಪಾಲಿಗೂ ಬಾರದೆ ಮನೆಯಲ್ಲಿ ಉಳಿದ ಜೀವ ಮೂರು: ಎರಡು ಬೆಕ್ಕು ಮತ್ತು ನಾನು.

೩. ಶಕುನ ನಂಬದ ತಮ್ಮ

ನನ್ನ ತಮ್ಮ ಶರಣರ ಮಾತು ಹೇಳುವವನು. ಆಳಂದದಲ್ಲಿ ಎಲ್ಲೇ ಪ್ರವಚನವಿದ್ದರೂ ಅವನಿಗೊಂದು ಮೈಕು ಕೊಡುತ್ತಾರೆ. ಗಳಿಗೆ, ಮುಹೂರ್ತ, ಶಕುನ ಎಲ್ಲ ಸುಳ್ಳು, ಬಸವಣ್ಣನವರ ದಾರಿಯಲ್ಲಿ ಅವಕ್ಕೆ ಜಾಗವೇ ಇಲ್ಲ ಎಂದು ಅವನು ಕೈಯೆತ್ತಿ ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ.

ಅಂಥವನು ಗೆಳೆಯನ ಕಾರು ತೆಗೆದುಕೊಂಡು ನನ್ನನ್ನು ಕರೆದೊಯ್ಯಲು ಬಂದ. ಮರುದಿನ ಆಳಂದದಲ್ಲಿ ನನ್ನ ಡಯಾಲಿಸಿಸ್. ಹಾಸಿಗೆ, ಪಾತ್ರೆ ಕಾರಿಗೆ ಏರಿದವು. ಚೀಲದ ಸಹವಾಸ ಬಿಟ್ಟು ನಾನು ರೊಟ್ಟಿ ಇಡುವ ದೊಡ್ಡ ಬುಟ್ಟಿಗೆ ಬಂದಿದ್ದೆ. ರೊಟ್ಟಿಯ ವಾಸನೆಗೆ ಬೆಕ್ಕುಗಳು ತಾವಾಗಿಯೇ ಅದರಲ್ಲಿ ಹೋಗಿ ಮಲಗುತ್ತಿದ್ದವು. ಅಮಲ್ದಾರ ಆಗಲೇ ಒಳಗಿದ್ದ. ಕರಿಯವ್ವನನ್ನು ಕರೆದೆ. ಅವಳು ಬಂದಳು, ಆದರೆ ಕಾರಿನ ಮುಂದಿನಿಂದ, ಎಡದಿಂದ ಬಲಕ್ಕೆ, ಬಾಲ ಎತ್ತಿಕೊಂಡು ನಿಧಾನವಾಗಿ ಹಾದು ಬಂದಳು.

ತಮ್ಮ ಕಾರಿನ ಬಾಗಿಲಿಗೆ ಇಟ್ಟ ಕೈ ತೆಗೆದ. "ಅಕ್ಕಾ, ಜರಾ ಕೂತು ನೀರ ಕುಡದು ಹೋಗೂನು."

"ಯಾಕಲೇ? ಶಕುನ ಸುಳ್ಳಂತ ಮೈಕಿನಾಗ ಒದರ್ತಿದ್ದಿ?"

"ಶಕುನ ಸುಳ್ಳೇ. ಆದ್ರ ನೀರಡಿಕಿ ಖರೇ ಆಗ್ಯಾದ."

ಅವನು, ಸಾಮಾನು ಹೊರಲು ಬಂದವರು, ನೋಡಲು ನಿಂತವರು ಎಲ್ಲರೂ ಕೂತು ಚೆಂಬುಗಟ್ಟಲೆ ನೀರು ಕುಡಿದರು. ನನಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟು ಹಾಕಿದ್ದಾರೆ. ಒಣಗಿದ ನಾಲಿಗೆ ಇಟ್ಟುಕೊಂಡು ಅವರ ಗಂಟಲುಗಳು ಏರಿಳಿಯುವುದನ್ನು ನೋಡುತ್ತ ಕೂತೆ.

ಅಷ್ಟಕ್ಕೇ ಮುಗಿಯಲಿಲ್ಲ. ತಮ್ಮ ಹೋಗಿ ಪಕ್ಕದ ಮನೆಯ ಮುತ್ತೈದೆಯ ಕಿವಿಯಲ್ಲಿ ಏನೋ ಹೇಳಿದ. ಅವಳು ತುಂಬಿದ ಕೊಡ ಹೊತ್ತು ಓಣಿಯ ತುದಿಗೆ ಹೋಗಿ, ಕಾರು ಹೊರಟಾಗ ಎದುರಿಗೆ ಬರಲೆಂದು ಕಾಯುತ್ತ ನಿಂತಳು. ಆಮೇಲೆ ತಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಅಕ್ಕಾ, ಸಿಟ್ಟಾಗಬ್ಯಾಡ. ಗಾಡಿ ಹೊಂಡೂ ಮುಂದ ನೀ ಜರಾ ಒಳಗ ನಿಂದ್ರು."

"ಹೋಗಾಕಿ ನಾನಲೇ! ನಾ ಒಳಗ ನಿಂತ್ರ ಗಾಡ್ಯಾಗ ಯಾರನ್ನ ಒಯ್ತಿ?"

ಅವನು ಯೋಚಿಸಿದ. ನಿಜ ಹೇಳುತ್ತೇನೆ, ನಗಲಿಲ್ಲ, ನಾಚಲಿಲ್ಲ, ಕೂತು ಯೋಚಿಸಿದ. "ಗಾಡಿ ತಿರುವಿನ್ಯಾಗ ಹೋಗಿ ನಿಂದ್ರತದ. ನೀ ಹಿತ್ತಲ ಬಾಗಲದಿಂದ ಬಂದು ಹಿಂದಿನ ಸೀಟಿನ್ಯಾಗ ಕೂಡು. ಅವಾಗ ಎದರಿಗೆ ಬಂದಂಗ ಆಗೂದಿಲ್ಲ."

ಇವನನ್ನು ಎತ್ತಿ ಆಡಿಸಿದವಳು ನಾನು. ಅಳಬೇಕೆನಿಸಿತು. ಅಳುವುದಕ್ಕೂ ನೀರು ಬೇಕಲ್ಲ, ನನ್ನ ನೀರೆಲ್ಲ ಕಾಲಿಗಿಳಿದು ಬಾತುಕೊಂಡಿತ್ತು. ಸಿಟ್ಟಿನಿಂದ ದುಡುದುಡು ಹಿತ್ತಿಲ ಬಾಗಿಲಿಗೆ ಹೋದೆ. ಆ ಕಡೆಯಿಂದ ಕರಿಯವ್ವ ಬರುತ್ತಿದ್ದಳು. ಹೊಸ್ತಿಲ ಮೇಲೆ ಇಬ್ಬರೂ ಮುಖಾಮುಖಿಯಾದೆವು.

ಗಂಡ ಸತ್ತವಳಿಗೆ ಕರಿಬೆಕ್ಕು ಎದುರಾದರೆ ಅಪಶಕುನ ಯಾರಿಗೆ ಎಂದು ಯಾವ ಪಂಚಾಂಗವೂ ಹೇಳಿಲ್ಲ. ಕರಿಯವ್ವನಿಗೆ ಮಾತ್ರ ಗೊತ್ತಿತ್ತು. ನನ್ನ ಮುಖ ನೋಡಿದಳು, ಗಕ್ಕನೆ ನಿಂತಳು, ತಿರುಗಿ ಓಡಿ ಮಾಳಿಗೆ ಹತ್ತಿ ಕೂತಳು. ಹಾಲು ತೋರಿಸಿದರೂ ಇಳಿಯಲಿಲ್ಲ. ಅವಳನ್ನು ಬಿಟ್ಟು ನಾನು ಕಾರು ಹತ್ತಲಿಲ್ಲ. ಗೆಳೆಯನಿಗೆ ಕಾರು ವಾಪಸ್ ಕೊಡುವ ಹೊತ್ತಾಯಿತೆಂದು ತಮ್ಮ ನನ್ನ ಹಾಸಿಗೆ ಪಾತ್ರೆಯನ್ನು ಮಾತ್ರ ಆಳಂದಕ್ಕೆ ಕರೆದುಕೊಂಡು ಹೋದ.

ಕಾರು ಓಣಿಯ ಇನ್ನೊಂದು ತುದಿಯಿಂದ ಹೋಗಿತ್ತು, ತುಂಬಿದ ಕೊಡದವಳಿಗೆ ಯಾರೂ ಹೇಳಿರಲಿಲ್ಲ. ನಾನು ಹೋಗಿ, "ಸಾಕು ಬಾರವ್ವ, ಕೊಡ ಇಳಸು" ಎನ್ನುವವರೆಗೂ ಅವಳು ಅಲ್ಲೇ ನಿಂತಿದ್ದಳು. ಕೊಡ ಹೊತ್ತವಳ ಎದುರಿಗೇ ಹೋಗಿದ್ದೆ. ಅವಳೂ ಗಕ್ಕನೆ ಬೆಚ್ಚಿದಳು, ಪಾಪ, ಆದರೆ ತಲೆಯ ಮೇಲೆ ಕೊಡವಿದ್ದುದರಿಂದ ತಿರುಗಿ ಓಡಲು ಆಗಲಿಲ್ಲ.

೪. ಬಂಗಾರದ ಬೆಕ್ಕು

ಆ ಡಯಾಲಿಸಿಸ್ ತಪ್ಪಿತು. ಕಾಲು ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ, ಗೋಡೆಗೆ ಒರಗಿ ಕೂತೇ ಇರಬೇಕು. ಕರಿಯವ್ವ ಮಾಳಿಗೆಯಿಂದ ಇಳಿದು ಬಂದು ನನ್ನ ಪಾದದ ಮೇಲೆ ಮಲಗಿದಳು. ಭಯವಾಗಿತ್ತು, ಸುಳ್ಳೇಕೆ ಹೇಳಲಿ. ಫೋನಿನಲ್ಲಿ ನನ್ನ ಮಾತು ತುಂಡು ತುಂಡಾಗಿ ಬರುವುದನ್ನು ಕೇಳಿ ತಮ್ಮನಿಗೂ ಭಯವಾಯಿತು. ಈ ಸಲ ಶಕುನ, ನೀರಡಿಕೆ ಯಾವುದೂ ಇಲ್ಲದೆ ಅಫಜಲಪುರದಿಂದ ಬಾಡಿಗೆ ಜೀಪು ಹಿಡಿದುಕೊಂಡೇ ಓಡಿ ಬಂದ.

ಜೀಪಿನವನು ಹಣೆತುಂಬ ವಿಭೂತಿಯ ಗಟ್ಟಿ ಆಳು. ರೊಟ್ಟಿ ಬುಟ್ಟಿಯ ಬಾಯಿಗೆ ನನ್ನ ಗಂಡನ ಹಳೆಯ ಧೋತರ ಕಟ್ಟುತ್ತಿದ್ದೆ. "ಇದರಾಗ ಏನದ್ರಿ?" ಎಂದ.

"ಬೆಕ್ಕ."

ಅವನು ಕೈಯಲ್ಲಿದ್ದ ಕೀಲಿಯನ್ನು ಜೇಬಿಗೆ ಹಾಕಿದ. "ಬಾಡಗಿ ಬ್ಯಾಡ ಬಿಡ್ರಿ."

ಬೆಕ್ಕು ಕೊಂದ ಪಾಪಕ್ಕೆ ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕು ಎನ್ನುವುದು ನಮ್ಮ ಕಡೆ ಹಾಲುಗಲ್ಲದ ಕೂಸಿಗೂ ಗೊತ್ತು. ಕೊಟ್ಟವರನ್ನು ಯಾರೂ ಕಂಡಿಲ್ಲ, ಹೆದರದವರನ್ನೂ ಕಂಡಿಲ್ಲ. ದಾರಿಯಲ್ಲಿ ಬೆಕ್ಕಿಗೆ ಏನಾದರೂ ಆದರೆ ಆ ಪಾಪ ಗಾಡಿ ನಡೆಸಿದವನಿಗೇ ಎಂದು ಜೀಪಿನವನ ಲೆಕ್ಕ.

"ಅಕ್ಕಗ ಉಸರ ಹತ್ತಾಕತ್ತಾದಪ್ಪ, ದಾರ್ಯಾಗ ಏನರೆ ಹೆಚ್ಚುಕಮ್ಮಿ ಆದ್ರ ಏನ ಮಾಡ್ಲಿ?" ಎಂದು ತಮ್ಮ ಅಂಗಲಾಚಿದ.

"ಅಕ್ಕೋರದ ಚಿಂತಿ ಇಲ್ಲರಿ" ಎಂದ ಜೀಪಿನವನು, ಬಹಳ ಮರ್ಯಾದೆಯಿಂದ. "ಅವ್ರು ಸತ್ರ, ದವಾಖಾನಿಗೆ ಒಯ್ಯೂ ಮುಂದ ಸತ್ರು ಅಂತ ನನಗ ಪುಣ್ಯೇನೇ ಬರ್ತದ. ಬೆಕ್ಕ ಸತ್ರ ಬಂಗಾರದ ಬೆಕ್ಕ ಎಲ್ಲಿಂದ ತರ್ಲಿ?"

ಕೊನೆಗೆ ಬೆಕ್ಕುಗಳ ತಪಾಸಣೆ ಮಾಡಿಯೇ ಹತ್ತಿಸಿಕೊಳ್ಳುವುದೆಂದು ಒಪ್ಪಿದ. ಧೋತರ ಬಿಚ್ಚಿಸಿ ಒಂದೊಂದರ ಕಣ್ಣು ನೋಡಿದ, ಹೊಟ್ಟೆ ಮುಟ್ಟಿದ.

"ವಯಸ್ಸೆಷ್ಟರಿ?"

"ಅರವತ್ತೊಂದು."

"ನಿಮ್ಮದಲ್ರಿ, ಬೆಕ್ಕಿಂದು. ಊಟ ನೆಟ್ಟಗ ಮಾಡ್ತಾವಿಲ್ಲ? ಏನರೆ ಬ್ಯಾನಿ ಅದ?"

"ಬ್ಯಾನಿ ನನಗದಪ್ಪ. ಅವು ಆರಾಮ ಅದಾವ."

"ಹಂಗಿದ್ರ ಚಲೋ ಆತು" ಎಂದು ಅವನು ನೆಮ್ಮದಿಯ ಉಸಿರು ಬಿಟ್ಟ. ನನ್ನ ಎದುರಿಗೆ ನಿಂತು ಅಷ್ಟುದ್ದದ ಉಸಿರು ಬಿಡುತ್ತಾನಲ್ಲ ಎಂದು ನನಗೆ ಮತ್ಸರವಾಯಿತು.

೫. ಪೇಶಂಟು

ಹಿಂದಿನ ಸೀಟಿನಲ್ಲಿ ಮೆತ್ತಗಿದ್ದ ಜಾಗ ಬುಟ್ಟಿಗೆ ಹೋಯಿತು. ಸ್ಪ್ರಿಂಗು ಎದ್ದ ಕಡೆ ನಾನು ಕೂತೆ. ತಮ್ಮ ಮುಂದೆ ಕೂತ. ಜೀಪು ಹೊರಟಿತು, ಹೊರಟಿತು ಎನ್ನುವುದು ಹೆಚ್ಚಾಯಿತು, ಜರುಗಿತು. ಎತ್ತಿನ ಗಾಡಿಯವರು ನಮ್ಮನ್ನು 'ಎಲ್ಲಿಗೆ ಹೊಂಟೀರಿ' ಎಂದು ಕೇಳಿ, ಉತ್ತರ ಪಡೆದು, ಕುಶಲ ಮಾತಾಡಿ ಮುಂದೆ ಹೋಗುವಷ್ಟು ವೇಗ.

"ಜರಾ ಲಗೂ ನಡಿಯಪ್ಪ" ಎಂದ ತಮ್ಮ.

"ರಸ್ತಾ ಖರಾಬ ಅದ್ರಿ. ಕುಲಕಾಡಿದ್ರ ಬೆಕ್ಕಗೋಳಿಗೆ ಧಕ್ಕಿ ಆಗ್ತದ."

ಅಫಜಲಪುರಕ್ಕೆ ಬಂದಾಗ ಜೀಪಿನವನು ಸುಸಲಾ ಮಿರ್ಚಿ ತಿನ್ನಲು ಇಳಿದ. ಚುರುಮುರಿಯ ಒಗ್ಗರಣೆ ವಾಸನೆ ಬರುತ್ತಿತ್ತು, ನನಗೆ ಗಾಳಿಯೇ ಬರುತ್ತಿರಲಿಲ್ಲ. ತಮ್ಮ ಹೋಗಿ ರೆಟ್ಟೆ ಹಿಡಿದು ಎಳೆದು ತಂದ. ಬರುವಾಗ ಜೀಪಿನವನು ಬೆಕ್ಕುಗಳಿಗೆಂದು ಹಾಲು ತಂದಿದ್ದ. ಊರು ದಾಟಿ ಆಳಂದದ ರಸ್ತೆಗೆ ಬಿದ್ದ ಮೇಲೆ ಒಂದು ಗುಡಿ ಕಂಡಿತು, ಬೆಕ್ಕುಗಳು ಸುಖವಾಗಿ ಮುಟ್ಟಲಿ ಎಂದು ಇಳಿದು ಕೈ ಮುಗಿದ. ಇನ್ನೊಂದು ಗುಡಿ ಕಂಡಿತು, ಅಲ್ಲೂ ಇಳಿದ. ನಮ್ಮ ಕಡೆ ಗುಡಿಗಳಿಗೇನು ಬರ.

ಅಷ್ಟರಲ್ಲಿ ನನ್ನ ಎದೆಯಲ್ಲಿ ಗುಳುಗುಳು ಸದ್ದು ಶುರುವಾಗಿತ್ತು. ಹೊಳೆ ದಂಡೆಯಲ್ಲಿ ಹುಟ್ಟಿ ಬೆಳೆದವಳು, ಒಮ್ಮೆಯೂ ನೀರಿಗೆ ಬೀಳದವಳು, ಈಗ ಒಣ ರಸ್ತೆಯ ಮೇಲೆ ಮುಳುಗುತ್ತಿದ್ದೇನೆ ಎಂದು ತಿಳಿಯಿತು. ತಮ್ಮ ಹಿಂದಕ್ಕೆ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದ. ಅವನ ಕಣ್ಣಲ್ಲಿ ನೀರಿತ್ತು. ಹೊರಟಾಗಿನಿಂದ ಅವನು ನನ್ನ ಮುಖ ಬಿಟ್ಟು ಬೇರೇನೂ ನೋಡಿರಲಿಲ್ಲ, ಅದೊಂದು ಸಮಾಧಾನ. "ಅಕ್ಕಾ, ಅಕ್ಕಾ" ಎನ್ನುತ್ತಿದ್ದ. ಮುಂದೆ ಮತ್ತೊಂದು ಗುಡಿಯ ಶಿಖರ ಕಾಣಿಸಿತು. ಜೀಪು ನಿಧಾನವಾಯಿತು.

ನನ್ನಲ್ಲಿ ಒಂದು ಮಾತಿಗಾಗುವಷ್ಟು ಉಸಿರಿತ್ತು. 'ನಾ ಸಾಯಾಕತ್ತೇನಿ' ಎಂದಿದ್ದರೆ ಜೀಪಿನವನು ಖಂಡಿತ ಗಾಡಿ ನಿಲ್ಲಿಸಿ ನನ್ನ ಪರವಾಗಿಯೂ ಕೈ ಮುಗಿಯುತ್ತಿದ್ದ. ಬುಟ್ಟಿಯೊಳಗೆ ಅಮಲ್ದಾರ ಹಾಲು ಕುಡಿದು ಗೊರಗೊರ ಎನ್ನುತ್ತ ಮಲಗಿದ್ದ. ನಾನು ಬುಟ್ಟಿಯ ಮೇಲೆ ಕೈಯಿಟ್ಟು ಇದ್ದ ಉಸಿರನ್ನೆಲ್ಲ ಒಟ್ಟು ಮಾಡಿ ಒದರಿದೆ:

"ಬೆಕ್ಕ ಸಾಯಾಕತ್ತದ!"

ಆಮೇಲೆ ಗುಡಿ ಯಾವುದು, ಊರು ಯಾವುದು, ಹಂಪು ಯಾವುದು, ನನಗೆ ಗೊತ್ತಿಲ್ಲ. ಸ್ಪ್ರಿಂಗು ನನ್ನನ್ನು ಮೇಲಕ್ಕೆ ಎಸೆಯುತ್ತಿತ್ತು, ಜೀಪಿನ ತಗಡು ಕೆಳಕ್ಕೆ ನೂಕುತ್ತಿತ್ತು. ಜೀಪಿನವನು ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ನಡುನಡುವೆ, "ಇನ್ನೂ ಉಸರ ಆಡಾಕತ್ತಾವೇನ್ರಿ?" ಎಂದು ಕೂಗುತ್ತಿದ್ದ. ತಮ್ಮ ನನ್ನನ್ನು ನೋಡಿ, "ಆಡಾಕತ್ತಾಳ, ಆಡಾಕತ್ತಾಳ!" ಎಂದು ಕೂಗುತ್ತಿದ್ದ. ಹಾಗೆ ಆಳಂದ ಬಂತು. ಆಮೇಲಿನದು ನನಗೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಮಷೀನು ಪಕ್ಕದಲ್ಲಿ ತಿರುಗುತ್ತಿತ್ತು. ಎದೆ ಹಗುರಾಗಿತ್ತು. ಮೂಗಿಗೆ ಆಕ್ಸಿಜನ್ ಇತ್ತು. ಬಾಗಿಲ ಹೊರಗೆ ಬೆಂಚಿನ ಮೇಲೆ ತಮ್ಮ ತಲೆ ತಗ್ಗಿಸಿ ಕೂತಿದ್ದ, ಅವನ ತೊಡೆಯ ಮೇಲೆ ಕರಿಯವ್ವ ಮಲಗಿದ್ದಳು. ಶಕುನ ಕೇಳದೆ, ನೀರು ಕುಡಿಯದೆ, ಆ ಕರಿಬೆಕ್ಕಿನ ತಲೆ ಸವರುತ್ತಿದ್ದ. ಅದನ್ನು ನೋಡಿ ನನಗೆ ಅಳು ಬಂತು, ಈ ಸಲ ನೀರೂ ಬಂತು. ಇನ್ನು ಎಷ್ಟು ದಿನ ಈ ಮಷೀನಿನ ಋಣವೋ ತಿಳಿಯದು. ನನಗಿಂತ ಮುಂಚೆ ಈ ಹಾಸಿಗೆಯಲ್ಲಿದ್ದಾಕೆ ಈಗಿಲ್ಲ ಎಂದು ಆಮೇಲೆ ಗೊತ್ತಾಯಿತು.

ಸಿಸ್ಟರ್ ನನ್ನ ಬಿ.ಪಿ. ನೋಡಲು ಬಂದವಳು ಸೆರಗಿಲ್ಲದ್ದರಿಂದ ಬಾಯಿಗೆ ಕೈಯನ್ನೇ ಮುಚ್ಚಿಕೊಂಡು ನಗುತ್ತಿದ್ದಳು. ಏನಾಯಿತೆಂದು ಕೇಳಿದೆ. ಅವಳೇ ಹೇಳಿದ್ದು ಇದು.

ಜೀಪು ಬಂದು ಬಾಗಿಲಿಗೆ ನಿಂತಿತಂತೆ. ವಿಭೂತಿ ಹಚ್ಚಿದ ಗಟ್ಟಿ ಆಳೊಬ್ಬ ರೊಟ್ಟಿ ಬುಟ್ಟಿಯನ್ನು ಎದೆಗೆ ಅವಚಿಕೊಂಡು, "ಎಮರ್ಜೆನ್ಸಿ! ಸರೀರಿ, ಎಮರ್ಜೆನ್ಸಿ!" ಎಂದು ಕೂಗುತ್ತ ಚಪ್ಪಲಿ ಸಮೇತ ಡಯಾಲಿಸಿಸ್ ವಾರ್ಡಿಗೆ ನುಗ್ಗಿದನಂತೆ. ಕೂಸೇ ಇರಬೇಕೆಂದು ಇವಳು ಆಕ್ಸಿಜನ್ ಹಿಡಿದುಕೊಂಡೇ ಓಡಿ ಬಂದು ಧೋತರ ಬಿಚ್ಚಿದಳಂತೆ. ಅಮಲ್ದಾರ ಎದ್ದು ಕೂತು, ಬಾಯಿ ತುಂಬ ಆಕಳಿಸಿ, ಮೈ ಮುರಿದನಂತೆ.

"ಯಪ್ಪಾ, ಇದು ಬೆಕ್ಕ! ಪೇಶಂಟ್ ಎಲ್ಲಿ?" ಎಂದು ಸಿಸ್ಟರ್ ಚೀರಿದಳಂತೆ. ಹೊರಗೆ ಜೀಪಿನಲ್ಲಿ ನನ್ನನ್ನು ತೋಳಲ್ಲಿ ಹಿಡಿದುಕೊಂಡು ತಮ್ಮ ಸ್ಟ್ರೆಚರಿಗಾಗಿ ಕೂಗುತ್ತಿದ್ದನಂತೆ.

ಜೀಪಿನವನು ಬೆವರು ಒರೆಸಿಕೊಂಡು, ಬುಟ್ಟಿಯನ್ನು ಇನ್ನಷ್ಟು ಮುಂದಕ್ಕೆ ಚಾಚಿ ಹೇಳಿದನಂತೆ:

"ಪೇಶಂಟ್ ಇದೇ ರೀ. ಹೊರಗ ಗಾಡ್ಯಾಗ ಇದ್ದ ಅಕ್ಕೋರು ಬರೇ ಇದರ ಜೊತಿಗಿ ಬಂದಾರ."